ಬಂಡೆ, ಕೆಂಧೂಳು, ಹೊಳೆ: ಬೇಸಿಗೆಗೆ ಎಂಥ ಫೋನ್?



ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಬಂತೆಂದರೆ ಮೊಬೈಲ್ ಅಂಗಡಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: “ಅಣ್ಣಾ, ಗಟ್ಟಿ ಫೋನ್ ಯಾವುದೈತಿ?” ಪ್ರಶ್ನೆ ಸಹಜವೇ. ಮನೆಯವರು ತಿಂಗಳುಗಟ್ಟಲೆ ಕೂಡಿಟ್ಟ ಹಣ ಅದು. ರಜೆಯಲ್ಲಿ ಹಂಪಿಯ ಬೆಟ್ಟ ಹತ್ತಬೇಕು, ಸಂಡೂರಿನ ಕಾಡುದಾರಿಯಲ್ಲಿ ನಡೆಯಬೇಕು, ಕಂಪ್ಲಿಯ ಹೊಳೆ ದಂಡೆಯಲ್ಲಿ ಹಕ್ಕಿಗಳ ಚಿತ್ರ ತೆಗೆಯಬೇಕು. ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ: “ಇದು ತೊಗೊಳ್ಳಿ, ವಾಟರ್‌ಪ್ರೂಫ್. ಕೆಳಗ ಬಿದ್ರೂ ಏನೂ ಆಗಲ್ಲ.”

ಈ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಅದನ್ನು ನೋಡುವ ಮೊದಲು ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ನಮ್ಮ ಚಿತ್ರೀಕರಣ ತಂಡ ಹಂಪಿಯ ಮತಂಗ ಬೆಟ್ಟದ ಬುಡದಲ್ಲಿತ್ತು. ಕೆಲಸ ಬೆಳಿಗ್ಗೆಯೇ ಮುಗಿಯಬೇಕಿತ್ತು, ತಡವಾಯಿತು. ತಂಡದ ಹುಡುಗನೊಬ್ಬ ತಲೆ ಸುತ್ತಿ ಕುಳಿತುಬಿಟ್ಟ. ವಾಹನ ದೂರದಲ್ಲಿ ನಿಂತಿತ್ತು, ಚಾಲಕನಿಗೆ ಕರೆ ಮಾಡಬೇಕಿತ್ತು. ಬಂಡೆಯ ಮೇಲಿಟ್ಟಿದ್ದ ಎರಡು ಫೋನ್‌ಗಳನ್ನು ಎತ್ತಿಕೊಂಡರೆ ಎರಡರಲ್ಲೂ ‘ಫೋನ್ ಬಿಸಿಯಾಗಿದೆ, ತಣ್ಣಗಾಗುವವರೆಗೆ ಕಾಯಿರಿ’ ಎಂಬ ಸೂಚನೆ. ಎರಡೂ ದುಬಾರಿ ಫೋನ್‌ಗಳು, ನೀರಿಗೆ ಬಿದ್ದರೂ ಕೆಡುವುದಿಲ್ಲವೆಂದು ಹೆಸರಾದವು. ಕೊನೆಗೆ ಕೆಲಸಕ್ಕೆ ಬಂದದ್ದು ಬಟ್ಟೆಯ ಚೀಲದಲ್ಲಿ, ನೀರಿನ ಬಾಟಲಿಯ ಪಕ್ಕದಲ್ಲಿ, ನೆರಳಿನಲ್ಲಿದ್ದ ಒಂದು ಹಳೆಯ ಅಗ್ಗದ ಫೋನ್. ವಾಹನ ಬಂತು. ನೆರಳು, ನೀರು, ಗಾಳಿ ಸಿಕ್ಕ ಮೇಲೆ ಹುಡುಗ ಚೇತರಿಸಿಕೊಂಡ. ಆದರೆ ಆ ಹತ್ತು ನಿಮಿಷಗಳನ್ನು ನಾನು ಮರೆತಿಲ್ಲ.

ಅಂದು ನನಗೆ ತಿಳಿದ ವಿಷಯ ಇಷ್ಟು: ಎಲ್ಲಕ್ಕೂ ಗಟ್ಟಿಯಾದ ಫೋನ್ ಎಂಬುದೊಂದಿಲ್ಲ. ‘ಯಾವುದರ ಎದುರು ಗಟ್ಟಿ?’ ಎಂದು ಕೇಳಬೇಕು. ನೀರಿಗೆ ಒಂದು ಪರೀಕ್ಷೆ, ಧೂಳಿಗೆ ಇನ್ನೊಂದು, ಬೀಳುವಿಕೆಗೆ ಮತ್ತೊಂದು. ನಮ್ಮ ಸೀಮೆಯ ಬೇಸಿಗೆಯ ಮುಖ್ಯ ಶತ್ರುವಾದ ಬಿಸಿಲಿಗೆ ಮಾತ್ರ ಫೋನಿನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಯಾವ ಅಂಕೆಯೂ ಇರುವುದಿಲ್ಲ! ಬನ್ನಿ, ಒಂದೊಂದಾಗಿ ನೋಡೋಣ.

ಹಂಪಿಯ ಬಿಸಿಲಿನ ಲೆಕ್ಕ

ಏಪ್ರಿಲ್, ಮೇ ತಿಂಗಳುಗಳಲ್ಲಿ ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುವುದು ನಿಮಗೆ ಗೊತ್ತೇ ಇದೆ. ಆದರೆ ಹವಾಮಾನ ವರದಿಯ ಈ ಅಂಕೆ ನೆರಳಿನದು. ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಂದರೊಳಗೆ, ನೆಲದಿಂದ ಮೇಲೆ, ಉಷ್ಣತಾಮಾಪಕವನ್ನಿಟ್ಟು ಅಳೆದದ್ದು. ಬಿಸಿಲಿನಲ್ಲಿ ಕಾದ ಬಂಡೆಯ ಮೈ 50 ಡಿಗ್ರಿಯನ್ನೂ ಮೀರುತ್ತದೆ. ಬರಿಗಾಲಲ್ಲಿ ಹೇಮಕೂಟದ ಮೇಲೆ ನಡುಹಗಲಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ನಿಮ್ಮ ಫೋನ್ 16 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲ ಇದೆಯೆನ್ನಿ. ಅದರ ವಿಸ್ತೀರ್ಣ 120 ಚದರ ಸೆಂ.ಮೀ., ಅಂದರೆ 0.012 ಚದರ ಮೀಟರ್. ಅದರ ಮೇಲೆ ಬೀಳುವ ಬಿಸಿಲು ಸುಮಾರು 12 ವ್ಯಾಟ್. ಚಿತ್ರ ತೆಗೆಯುವಾಗಲೋ ನಕ್ಷೆ ನೋಡುವಾಗಲೋ ಫೋನ್ ತಾನೇ ಬಳಸುವ ವಿದ್ಯುತ್ತು ಕೆಲವೇ ವ್ಯಾಟ್‌ಗಳು. ಅಂದರೆ ಒಳಗಿನ ಬಿಸಿಗಿಂತ ಹೊರಗಿನ ಬಿಸಿಲೇ ಹೆಚ್ಚು. ಕಪ್ಪು ಗಾಜಿನ ಪರದೆ ಇದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ.

ಹೀರಿದ ಶಾಖ ಹೊರಗೆ ಹೋಗಬೇಕಲ್ಲ? ಬಿಸಿಯಾದ ವಸ್ತುವಿನಿಂದ ಶಾಖ ಹೊರಹೋಗುವ ವೇಗ ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಇದು ನ್ಯೂಟನ್ನನ ತಣಿವಿನ ನಿಯಮ. ಫೋನಿನ ಮೈ 45 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 20. ಅದೇ ಗಾಳಿ 40 ಡಿಗ್ರಿ ಇದ್ದರೆ ಅಂತರ ಬರೀ 5. ಅಂದರೆ ಬೆಂಗಳೂರಿನ ಹಿತವಾದ ಸಂಜೆಯಲ್ಲಿ ತಣಿಯುವ ವೇಗದ ಕಾಲು ಭಾಗದಲ್ಲಿ ಮಾತ್ರ ಅದು ಹಂಪಿಯ ಮಧ್ಯಾಹ್ನದಲ್ಲಿ ತಣಿಯಬಲ್ಲದು. ಮೇಲೆ 12 ವ್ಯಾಟ್ ಬಿಸಿಲು, ಕೆಳಗೆ ಕಾದ ಬಂಡೆ. ಫೋನ್ ಮುಚ್ಚಿಕೊಳ್ಳದೆ ಇನ್ನೇನು ಮಾಡೀತು?

ಮುಚ್ಚಿಕೊಳ್ಳುವುದು ಅದರ ದೋಷವಲ್ಲ, ರಕ್ಷಣೆ. ಫೋನಿನ ಲಿಥಿಯಂ-ಅಯಾನ್ ಬ್ಯಾಟರಿ ರಾಸಾಯನಿಕ ಕ್ರಿಯೆಯಿಂದ ನಡೆಯುವಂಥದು. (ಇದರ ಅಭಿವೃದ್ಧಿಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.) ಬಿಸಿ ಹೆಚ್ಚಿದಷ್ಟೂ ಒಳಗಿನ ಬೇಡದ ಕ್ರಿಯೆಗಳೂ ಚುರುಕಾಗುತ್ತವೆ, ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಮಿತಿ ಮೀರಿದರೆ ಉಬ್ಬುತ್ತದೆ. ಆದ್ದರಿಂದಲೇ ಫೋನ್ ಮೊದಲು ಪರದೆಯ ಬೆಳಕು ತಗ್ಗಿಸುತ್ತದೆ, ಆಮೇಲೆ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಕೊನೆಗೆ ತಾನೇ ನಿಲ್ಲುತ್ತದೆ.

ಆ್ಯಪಲ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಗಳು ತಮ್ಮ ಫೋನ್‌ಗಳನ್ನು 0ಯಿಂದ 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ತಮ್ಮ ಮಾಹಿತಿಯಲ್ಲಿ ಹೇಳುತ್ತವೆ. ಗಮನಿಸಿ, 35 ಡಿಗ್ರಿ! ನಮ್ಮಲ್ಲಿ ಮಾರ್ಚ್ ತಿಂಗಳಲ್ಲೇ ಅದು ದಾಟಿರುತ್ತದೆ. ಹೀಗಾಗಿ ಫೋನ್ ಕೊಳ್ಳುವಾಗ ‘ಬಳಕೆಯ ಉಷ್ಣತೆ’ ಎಂಬ ಸಾಲನ್ನು ಕೈಪಿಡಿಯಲ್ಲಿ ಹುಡುಕಿ ಓದಿ. ಹೊರಗಿನ ಕೆಲಸಕ್ಕೆಂದೇ ತಯಾರಾದ ಕೆಲವು ದಪ್ಪ ಫೋನ್‌ಗಳಿಗೆ ಈ ಮಿತಿ ಹೆಚ್ಚಿರುತ್ತದೆ. ಆದರೆ ಒಂದು ಎಚ್ಚರಿಕೆ: ರಬ್ಬರಿನ ದಪ್ಪ ಹೊದಿಕೆ ಪೆಟ್ಟನ್ನು ತಡೆಯುವಂತೆಯೇ ಶಾಖವನ್ನೂ ಒಳಗೇ ತಡೆದಿಡುತ್ತದೆ. ಪೆಟ್ಟಿಗೆ ಗಟ್ಟಿಯಾದದ್ದು ಬಿಸಿಲಿಗೂ ಗಟ್ಟಿಯಾಗಬೇಕೆಂದಿಲ್ಲ.

ಬಿಸಿಲಿನಲ್ಲಿ ಪರದೆ ಕಾಣುವುದೂ ಮುಖ್ಯ. ಪರದೆಯ ಬೆಳಕನ್ನು ‘ನಿಟ್’ ಎಂಬ ಮಾನದಲ್ಲಿ ಹೇಳುತ್ತಾರೆ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದ ‘ಗರಿಷ್ಠ’ ಅಂಕೆ ಸಾಮಾನ್ಯವಾಗಿ ಪರದೆಯ ಚಿಕ್ಕ ಭಾಗವೊಂದು ಸ್ವಲ್ಪ ಹೊತ್ತು ಕೊಡಬಲ್ಲ ಬೆಳಕು. ಇಡೀ ಪರದೆ ಬಿಸಿಲಿನಲ್ಲಿ ಎಷ್ಟು ಬೆಳಗುತ್ತದೆ ಎಂದು ಕೇಳಿ. ಅದಕ್ಕಿಂತ ಸುಲಭದ ಉಪಾಯವಿದೆ: ಅಂಗಡಿಯವರ ಅನುಮತಿ ಪಡೆದು ಪ್ರದರ್ಶನದ ಫೋನನ್ನು ಬಾಗಿಲ ಹೊರಗೆ ತಂದು, ಬಿಸಿಲಿಗೆ ಹಿಡಿದು, ಒಂದು ನಕ್ಷೆ ತೆರೆದು ಓದಿ ನೋಡಿ.

ಬಂಡೆಯ ಮೇಲೆ ಬಿದ್ದರೆ

ಈಗ ಎರಡನೆಯ ಶತ್ರು. ಎದೆಯ ಎತ್ತರದಿಂದ, ಅಂದರೆ ಸುಮಾರು 1.2 ಮೀಟರ್ ಮೇಲಿನಿಂದ, 200 ಗ್ರಾಂ ತೂಕದ ಫೋನ್ ಕೈಜಾರಿತೆನ್ನಿ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 17 ಕಿ.ಮೀ.; ಅದರಲ್ಲಿರುವ ಚಲನಶಕ್ತಿ ಸುಮಾರು 2.4 ಜೂಲ್. ಕೇಳಲು ಅಲ್ಪವೆನಿಸುತ್ತದೆ. ಆದರೆ ಆ ಶಕ್ತಿ ಎಷ್ಟು ದೂರದಲ್ಲಿ ಕರಗಿತು ಎಂಬುದರ ಮೇಲೆ ಪೆಟ್ಟು ನಿಂತಿದೆ. ಹಂಪಿಯ ಗ್ರಾನೈಟ್ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯದು, ಅದು ನಿಮ್ಮ ಫೋನಿಗಾಗಿ ಒಂದಿಷ್ಟೂ ಬಗ್ಗುವುದಿಲ್ಲ! ಫೋನ್ ಒಂದು ಮಿಲಿಮೀಟರ್ ಅಂತರದಲ್ಲಿ ನಿಂತರೆ ಅದರ ಮೇಲಿನ ಸರಾಸರಿ ಬಲ ಸುಮಾರು 2400 ನ್ಯೂಟನ್, ಅಂದರೆ 240 ಕಿಲೋಗ್ರಾಂ ಭಾರ ಹೇರಿದಂತೆ. ಮೂಲೆಗಳಲ್ಲಿ ಮೆತ್ತೆಯಿರುವ ಕವರ್ ನಾಲ್ಕು ಮಿಲಿಮೀಟರ್ ಕುಗ್ಗಿಕೊಟ್ಟರೆ ಅದೇ ಬಲ 60 ಕಿಲೋಗ್ರಾಂ ಭಾರಕ್ಕೆ ಇಳಿಯುತ್ತದೆ. ಸಾಧಾರಣ ಬೆಲೆಯ ಒಂದು ಕವರ್ ಮಾಡುವ ಉಪಕಾರ ಇದು.

ಕೆಲವು ಪೆಟ್ಟಿಗೆಗಳ ಮೇಲೆ ‘ಮಿಲ್-ಎಸ್‌ಟಿಡಿ-810’ ಎಂದು ಬರೆದಿರುತ್ತದೆ. ‘ಸೈನಿಕ ದರ್ಜೆ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಇದು ಅಮೆರಿಕದ ರಕ್ಷಣಾ ಇಲಾಖೆ 1962ರಲ್ಲಿ ಮೊದಲು ಹೊರಡಿಸಿದ, ಆಮೇಲೆ ಹಲವು ಬಾರಿ ಪರಿಷ್ಕರಿಸಿದ ಪರೀಕ್ಷಾ ವಿಧಾನಗಳ ಸಂಪುಟ. ಅದರ ಬೀಳಿಸುವ ಪರೀಕ್ಷೆಯಲ್ಲಿ ಚಿಕ್ಕ ಉಪಕರಣವನ್ನು ಸುಮಾರು 1.2 ಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ. 26 ಏಕೆ? ಒಂದು ಬೆಂಕಿಪೊಟ್ಟಣ ಕೈಗೆ ತೆಗೆದುಕೊಳ್ಳಿ. ಅದರ ಮುಖಗಳು 6, ಅಂಚುಗಳು 12, ಮೂಲೆಗಳು 8. ಕೂಡಿಸಿದರೆ 26! ಪ್ರತಿಯೊಂದರ ಮೇಲೂ ಒಮ್ಮೆ ಬೀಳಬೇಕು.

ಆದರೆ ಇಲ್ಲಿ ಮೂರು ಮಾತು ನೆನಪಿಡಿ. ಮೊದಲನೆಯದು, ಈ 26 ಬೀಳುಗಳನ್ನು ಐದರವರೆಗಿನ ಮಾದರಿಗಳ ನಡುವೆ ಹಂಚಲು ಅವಕಾಶವಿದೆ. ಎರಡನೆಯದು, ಬಹಳ ಪರೀಕ್ಷೆಗಳಲ್ಲಿ ಬೀಳಿಸುವ ನೆಲ ಕಾಂಕ್ರೀಟಿನ ಮೇಲೆ ಹಾಸಿದ ಪ್ಲೈವುಡ್ ಹಲಗೆ, ಉಬ್ಬುತಗ್ಗಿನ ಬಂಡೆಯಲ್ಲ. ಮೂರನೆಯದು, ಆ ಸಂಪುಟದಲ್ಲಿ ಬಿಸಿ, ಧೂಳು, ಅದುರು, ನೀರು ಹೀಗೆ ಹತ್ತಾರು ವಿಧಾನಗಳಿವೆ. ತಯಾರಕರು ತಮಗೆ ಬೇಕಾದ ಕೆಲವನ್ನು ಆರಿಸಿ ಪರೀಕ್ಷಿಸಿದರೂ ಆ ಹೆಸರು ಹಾಕಿಕೊಳ್ಳಬಹುದು. ಆದ್ದರಿಂದ ‘ಯಾವ ಯಾವ ಪರೀಕ್ಷೆ ಮಾಡಿದ್ದೀರಿ?’ ಎಂದು ನೋಡಬೇಕು. ಬಿಸಿಯ ಪರೀಕ್ಷೆಯ ಉಲ್ಲೇಖವಿದ್ದರೆ ನಮ್ಮ ಸೀಮೆಗೆ ಅದು ಒಳ್ಳೆಯ ಗುರುತು.

ಬೀಳದಿದ್ದರೂ ಗೀರು ಬೀಳುತ್ತದೆ. ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಶ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಶ್ರೇಣಿಯನ್ನು ನೀವು ಓದಿರಬಹುದು. ಅದರಲ್ಲಿ ಫೋನಿನ ಗಾಜು ಸುಮಾರು 6ರಲ್ಲಿ ನಿಲ್ಲುತ್ತದೆ; ಬೆಣಚುಕಲ್ಲು 7. ಗ್ರಾನೈಟ್ ಸವೆದು ಉಂಟಾದ ಮರಳಿನಲ್ಲಿ ಬೆಣಚಿನ ಕಣಗಳು ತುಂಬಿರುತ್ತವೆ. ಬೀಗದ ಕೈ ಗೀಚದ ಪರದೆಯನ್ನು ಜೇಬಿನೊಳಗಿನ ಒಂದು ಹರಳು ಮರಳು ಗೀಚುತ್ತದೆ. ಪರದೆಯ ಮೇಲೆ ಅಂಟಿಸುವ ಗಾಜಿನ ಗಾರ್ಡ್‌ಗೂ ಗೀರು ಬೀಳುತ್ತದೆ ನಿಜ, ಆದರೆ ಅದನ್ನು ಸ್ವಲ್ಪ ಹಣಕ್ಕೆ ಬದಲಾಯಿಸಬಹುದು. ಧೂಳಾದ ಪರದೆಯನ್ನು ಅಂಗಿಯ ತುದಿಯಿಂದ ಉಜ್ಜಬೇಡಿ. ಮೊದಲು ಊದಿ, ಆಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ.

ಸಂಡೂರಿನ ಕೆಂಧೂಳು

ಹೊಸಪೇಟೆಯಿಂದ ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳತ್ತ ಹೊರಟರೆ ಮಣ್ಣಿನ ಬಣ್ಣ ಬದಲಾಗುತ್ತದೆ. ಕುಮಾರಸ್ವಾಮಿ ದೇವಾಲಯವಿರುವ, ಹಸಿರು ಕಣಿವೆಗಳಿರುವ ಈ ನಾಡು ಕಬ್ಬಿಣದ ಅದಿರಿಗೂ ಹೆಸರಾದದ್ದು. ಇಲ್ಲಿನ ಅದಿರು ಮುಖ್ಯವಾಗಿ ಹೆಮಟೈಟ್. ಗಣಿಯ ರಸ್ತೆಗಳ ಬದಿಯ ಎಲೆಗಳ ಮೇಲೆ ಕುಳಿತ ಕೆಂಪು ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಈ ನಯವೇ ಫೋನಿಗೆ ಅಪಾಯ. ಚಾರ್ಜಿನ ತೂತು, ಸ್ಪೀಕರಿನ ಜಾಲರಿ, ಗುಂಡಿಗಳ ಸಂದು, ಎಲ್ಲಿ ಬೇಕಾದರೂ ನುಗ್ಗುತ್ತದೆ.

ಇಲ್ಲಿ ನಮಗೆ ನೆರವಾಗುವುದು ಪೆಟ್ಟಿಗೆಯ ಮೇಲಿನ ‘ಐಪಿ’ ಸಂಖ್ಯೆ. ಐಪಿ ಎಂಬ ಎರಡು ಅಕ್ಷರಗಳ ಮುಂದೆ ಎರಡು ಅಂಕೆಗಳಿರುತ್ತವೆ. ಅದನ್ನು ‘ಅರವತ್ತೆಂಟು’ ಎಂದು ಓದಬಾರದು, ‘ಆರು, ಎಂಟು’ ಎಂದು ಓದಬೇಕು. ಮೊದಲ ಅಂಕೆ ಧೂಳಿನದು, ಅದು 6ಕ್ಕೆ ಮುಗಿಯುತ್ತದೆ. 5 ಎಂದರೆ ಸ್ವಲ್ಪ ಧೂಳು ಒಳಹೋದರೂ ಕೆಲಸ ಕೆಡದು. 6 ಎಂದರೆ ಧೂಳು ಒಳಹೋಗದು. ಅಂತರರಾಷ್ಟ್ರೀಯ ಮಾನದಂಡದ ಈ ಪರೀಕ್ಷೆಯಲ್ಲಿ ಉಪಕರಣವನ್ನು ಟಾಲ್ಕಂ ಪುಡಿ ಹಾರಾಡುವ ಪೆಟ್ಟಿಗೆಯಲ್ಲಿ ಎಂಟು ಗಂಟೆಗಳವರೆಗೆ ಇಡುತ್ತಾರೆ. ಎರಡನೆಯ ಅಂಕೆ ನೀರಿನದು, ಅದಕ್ಕೆ ಆಮೇಲೆ ಬರೋಣ. ಮೊದಲ ಅಂಕೆಯ ಜಾಗದಲ್ಲಿ ಇಂಗ್ಲಿಷಿನ ‘ಎಕ್ಸ್’ ಅಕ್ಷರ ಇದ್ದರೆ ಧೂಳಿನ ಪರೀಕ್ಷೆಯ ಫಲ ಹೇಳಿಲ್ಲವೆಂದು ಅರ್ಥ. ಸಂಡೂರು, ದೋಣಿಮಲೈ ಕಡೆಯ ವಿದ್ಯಾರ್ಥಿಗಳು ಮೊದಲ ಅಂಕೆ 6 ಇರುವುದನ್ನೇ ಹುಡುಕಿದರೆ ಒಳ್ಳೆಯದು.

ಒಂದು ಪ್ರಯೋಗ ಮಾಡಿ. ಅಯಸ್ಕಾಂತದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ದಾರಿಬದಿಯ ಮರಳಿನಲ್ಲಿ ಆಡಿಸಿ. ಕಪ್ಪು ಕಣಗಳು ಮೀಸೆಯಂತೆ ಅಂಟುತ್ತವೆ, ಅವು ಮ್ಯಾಗ್ನಟೈಟ್‌ನಂಥ ಕಣಗಳು. ಕೆಂಪು ಹೆಮಟೈಟ್ ಅಷ್ಟಾಗಿ ಅಂಟುವುದಿಲ್ಲ. ನಿಮ್ಮ ಫೋನಿನ ಸ್ಪೀಕರಿನೊಳಗೂ ಅಯಸ್ಕಾಂತವಿದೆ! ಕಪ್ಪು ಕಣಗಳು ಅಲ್ಲಿಗೂ ಹೋಗಿ ಜಾಲರಿಗೆ ಅಂಟುತ್ತವೆ, ದನಿ ಕುಗ್ಗುತ್ತದೆ. ಸೂಜಿ ಹಾಕಿ ಕೆರೆದರೆ ಜಾಲರಿ ಹರಿಯುತ್ತದೆ. ಮೆದುವಾದ ಒಣ ಬ್ರಷ್ಷಿನಿಂದ ಆಗಾಗ ಒರೆಸುವುದೇ ಸರಿ.

ಸ್ಥಳಕ್ಕೆ ತಕ್ಕಂತೆ ಫೋನ್ ಮಾಡುವ ವಿಚಾರ ಹೊಸದೇನಲ್ಲ. 2003ರಲ್ಲಿ ಬಂದ ನೋಕಿಯಾ 1100 ಫೋನ್ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಧೂಳು ಹೋಗದ ಗುಂಡಿಫಲಕ, ಜಾರದ ಮೈ, ತುದಿಯಲ್ಲೊಂದು ಬ್ಯಾಟರಿ ದೀಪ. ನಮ್ಮಂಥ ದೇಶಗಳ ಹಳ್ಳಿ, ಹೊಲ, ರಸ್ತೆಗಳನ್ನು ಕಂಡು ರೂಪಿಸಿದ ಆ ಫೋನ್ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು.

ಕಂಪ್ಲಿಯ ಹೊಳೆ

ಇನ್ನು ನೀರಿಗೆ ಬರೋಣ. ತುಂಗಭದ್ರಾ ಅಣೆಕಟ್ಟೆಯ ಕೆಳಗೆ ಹೊಳೆ ಬಂಡೆಗಳ ನಡುವೆ ಹರಿದು ಹಂಪಿ ದಾಟಿ ಕಂಪ್ಲಿಯತ್ತ ಸಾಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಾಗಿ ಘೋಷಿಸಿತು. ನೀರುನಾಯಿ ನೋಡುವ ಆಸೆಯಿಂದ, ಹರಿಗೋಲಿನ ಆಸೆಯಿಂದ, ನೀವು ಹೊಳೆಯ ಹತ್ತಿರ ಹೋಗುವುದು ಖಂಡಿತ.

ಐಪಿಯ ಎರಡನೆಯ ಅಂಕೆ 4 ಇದ್ದರೆ ಎರಚಿದ ನೀರಿಗೆ ಫೋನ್ ತಡೆಯುತ್ತದೆ. 5 ಮತ್ತು 6 ರಭಸದ ಧಾರೆಗೆ. 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಟ್ಟದ್ದು. 8 ಎಂದರೆ ಅದಕ್ಕಿಂತ ಕಠಿಣ ಪರೀಕ್ಷೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. 9 ಎಂದರೆ ಹೆಚ್ಚಿನ ಒತ್ತಡದ ಬಿಸಿನೀರಿನ ಧಾರೆ. ಇಲ್ಲೊಂದು ಸ್ವಾರಸ್ಯವಿದೆ. ಇವು ಮೆಟ್ಟಿಲುಗಳಲ್ಲ. 8ನ್ನು ಪಡೆದ ಫೋನ್ 6ರ ಧಾರೆಯ ಪರೀಕ್ಷೆಯಲ್ಲೂ ಗೆದ್ದಿದೆಯೆಂದು ಭಾವಿಸುವಂತಿಲ್ಲ. ನಿಂತ ನೀರಿನಲ್ಲಿ ಮುಳುಗುವುದೇ ಬೇರೆ, ಕಾಲುವೆಯ ತೂಬಿನ ಕೆಳಗೆ ಹಿಡಿಯುವುದೇ ಬೇರೆ. ಎರಡೂ ಪರೀಕ್ಷೆ ಆಗಿದ್ದರೆ ಎರಡೂ ಸಂಖ್ಯೆಗಳನ್ನು ಬರೆದಿರುತ್ತಾರೆ.

ಇನ್ನೊಂದು ಸಂಗತಿ ನಮ್ಮ ಬೇಸಿಗೆಗೆ ಬಹಳ ಮುಖ್ಯ. ಮುಳುಗಿಸುವ ಪರೀಕ್ಷೆಯಲ್ಲಿ ನೀರಿಗೂ ಉಪಕರಣಕ್ಕೂ ಉಷ್ಣತೆಯ ಅಂತರ 5 ಡಿಗ್ರಿಗಿಂತ ಹೆಚ್ಚಿರಬಾರದು. ನಮ್ಮ ಹೊಳೆಯಲ್ಲಿ ಏನಾಗುತ್ತದೆ? ಬಿಸಿಲಿನಲ್ಲಿ 50 ಡಿಗ್ರಿಗೆ ಕಾದ ಫೋನ್ 25 ಡಿಗ್ರಿಯ ನೀರಿಗೆ ಬೀಳುತ್ತದೆ. ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಅದರ ಒತ್ತಡ ಕುಸಿಯುತ್ತದೆ. ಕೆಲ್ವಿನ್ ಮಾನದಲ್ಲಿ 323ರಿಂದ 298ಕ್ಕೆ ಇಳಿದಾಗ ಒತ್ತಡ ಶೇಕಡಾ 8ರಷ್ಟು ಕಡಿಮೆಯಾಗಬೇಕು. ಇದು ಸುಮಾರು 80 ಸೆಂ.ಮೀ. ನೀರಿನ ಒತ್ತಡಕ್ಕೆ ಸಮ. ಅಂದರೆ ನಿಮ್ಮ ಫೋನ್ ಮೊಣಕಾಲು ನೀರಿಗೆ ಬಿದ್ದರೂ ಅದರ ಅಂಟುಗಳಿಗೆ ಒಂದು ಮೀಟರಿಗಿಂತ ಆಳದಲ್ಲಿದ್ದಂತೆ ಅನುಭವವಾಗುತ್ತದೆ, ನೀರು ಒಳಗೆ ಹೀರಲ್ಪಡುತ್ತದೆ. ಬಿಸಿಯಾದ ಫೋನನ್ನು ತಣಿಸಲೆಂದು ಹೊಳೆಯಲ್ಲಿ ಅದ್ದುವುದು ಎಂಥ ತಪ್ಪೆಂದು ಈಗ ತಿಳಿಯಿತಲ್ಲವೆ? ಫ್ರಿಜ್ಜಿನಲ್ಲಿಡುವುದೂ ಬೇಡ, ಒಳಗೆ ಬೆವರಿನಂತೆ ಹನಿಗಟ್ಟುತ್ತದೆ. ಕವರ್ ತೆಗೆದು, ನೆರಳಿನಲ್ಲಿ, ಗಾಳಿಗೆ ಇಟ್ಟರೆ ಸಾಕು.

ಈ ಪರೀಕ್ಷೆಗಳೆಲ್ಲ ಹೊಸ ಫೋನಿಗೆ, ಸಿಹಿನೀರಿನಲ್ಲಿ ಮಾಡಿದವು. ಸೋಪಿನ ನೀರು, ಕಬ್ಬಿನ ಹಾಲು, ಬೆವರು ಇವುಗಳ ಮಾತೇ ಬೇರೆ. ಒಂದೆರಡು ಬೇಸಿಗೆ ಕಳೆದ ಮೇಲೆ, ಅಥವಾ ಒಮ್ಮೆ ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ, ಅಂಟುಗಳು ಮೊದಲಿನಂತಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಐಪಿ ಸಂಖ್ಯೆಯನ್ನು ಮರೆತುಬಿಡುವುದೇ ಲೇಸು. ಬಹಳಷ್ಟು ಕಂಪನಿಗಳ ವಾರಂಟಿ ನೀರಿನಿಂದಾದ ಹಾನಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಓದಿ ತಿಳಿದುಕೊಳ್ಳಿ. ನೀರು ತಗುಲಿದರೆ ಬಣ್ಣ ಬದಲಿಸುವ ಪುಟ್ಟ ಪಟ್ಟಿಯೊಂದನ್ನು ಫೋನಿನೊಳಗೇ ಇಟ್ಟಿರುತ್ತಾರೆ! ಹರಿಗೋಲು ಹತ್ತುವಾಗ ಪಾರದರ್ಶಕ ಜಲನಿರೋಧಕ ಚೀಲವೊಂದರಲ್ಲಿ ಫೋನ್ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ. ಆದರೆ ಅದಕ್ಕೂ ಮೊದಲು ನೀವು ಲೈಫ್ ಜಾಕೆಟ್ ತೊಡಿ.

ಫೋನ್ ನೀರಿಗೆ ಬಿದ್ದೇ ಬಿಟ್ಟರೆ? ಕಂಪ್ಲಿ ಭತ್ತದ ನಾಡು, ಮನೆಯಲ್ಲಿ ಅಕ್ಕಿಗೆ ಬರವಿಲ್ಲ. ‘ಅಕ್ಕಿ ಡಬ್ಬಿಯಲ್ಲಿ ಹೂತಿಡು’ ಎಂದು ಎಲ್ಲರೂ ಹೇಳುತ್ತಾರೆ. ಅಕ್ಕಿಯ ಹಿಟ್ಟು, ನುಚ್ಚು ಚಾರ್ಜಿನ ತೂತಿನೊಳಗೆ ಸೇರಿ ಇನ್ನಷ್ಟು ಕೆಡುಕಾಗಬಹುದು. ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಸಂಸ್ಥೆಯೇ 2024ರಲ್ಲಿ ಹೇಳಿತು. ಕೂಡಲೇ ಫೋನ್ ಆಫ್ ಮಾಡಿ, ಒರೆಸಿ, ಚಾರ್ಜಿನ ತೂತು ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಪೂರ್ತಿ ಒಣಗುವವರೆಗೆ ಚಾರ್ಜ್‌ಗೆ ಹಾಕಬೇಡಿ. ಬಿಸಿಲಿಗೂ ಇಡಬೇಡಿ.

ಹೊಸಪೇಟೆಯಿಂದ ಹೊರಟ ಬೈಕು

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಅಣ್ಣನ ಬೈಕಿನ ಹಿಂದೆ ಕುಳಿತು ಹೊರಡುತ್ತೀರಿ. ದಾರಿ ತೋರಿಸಲು ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸುವ ಅಭ್ಯಾಸ ಈಗ ಎಲ್ಲ ಕಡೆ ಇದೆ. ಇಲ್ಲಿ ಕಾಣದ ಶತ್ರುವೊಂದಿದೆ, ಅದೇ ಅದುರು. ಕೈ ನಡುಗಿದರೂ ಚಿತ್ರ ಸ್ಪಷ್ಟವಾಗಿ ಬರಲೆಂದು ಅನೇಕ ಕ್ಯಾಮರಾಗಳಲ್ಲಿ ಮಸೂರ ತೇಲಾಡುವಂತೆ ಅತಿ ಸೂಕ್ಷ್ಮ ಏರ್ಪಾಟು ಮಾಡಿರುತ್ತಾರೆ. ಶಕ್ತಿಶಾಲಿ ಮೋಟಾರ್‌ಸೈಕಲ್ ಎಂಜಿನ್‌ಗಳ ಅದುರಿಗೆ ದೀರ್ಘಕಾಲ ಒಡ್ಡಿದರೆ ಈ ಏರ್ಪಾಟು ಕೆಡಬಹುದೆಂದು 2021ರಲ್ಲಿ ಆ್ಯಪಲ್ ತನ್ನ ಗ್ರಾಹಕರನ್ನು ಎಚ್ಚರಿಸಿತು. ಜೊತೆಗೆ ಹ್ಯಾಂಡಲ್ ಮೇಲೆ ನೇರ ಬಿಸಿಲು. ಕಿವಿಯಲ್ಲಿ ದಾರಿ ಕೇಳಿಸಿಕೊಂಡು ಹಿಂದೆ ಕುಳಿತವರು ಹೇಳಿದರೆ ಫೋನ್ ಚೀಲದಲ್ಲೇ ಇರಬಹುದಲ್ಲ!

ಬಂಡೆಗಳ ಸಂದಿಯಲ್ಲಿ, ಬೆಟ್ಟದ ಮರೆಯಲ್ಲಿ ಸಿಗ್ನಲ್ ಕ್ಷೀಣವಾಗುತ್ತದೆ. ಆಗ ಫೋನ್ ಗೋಪುರವನ್ನು ಹುಡುಕುತ್ತಾ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡಿ ಬ್ಯಾಟರಿ ಕರಗಿಸುತ್ತದೆ, ಬಿಸಿಯೂ ಆಗುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ. ಉಪಗ್ರಹಗಳಿಂದ ಸ್ಥಾನ ತಿಳಿಯಲು ಮೊಬೈಲ್ ಸಿಗ್ನಲ್ ಬೇಕಿಲ್ಲ. ಉಪಯೋಗವಿಲ್ಲದಾಗ ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಬ್ಯಾಟರಿ ಸಂಜೆಯವರೆಗೆ ಬಾಳುತ್ತದೆ. ಪವರ್ ಬ್ಯಾಂಕ್ ಒಯ್ಯುವುದಾದರೆ ಬಿಐಎಸ್ ನೋಂದಣಿ ಗುರುತು ಇರುವುದನ್ನೇ ಕೊಳ್ಳಿ. ಅದರೊಳಗಿರುವುದೂ ಲಿಥಿಯಂ ಬ್ಯಾಟರಿಯೇ, ಅದಕ್ಕೂ ನೆರಳು ಬೇಕು.

ಅಂಗಡಿಯಲ್ಲಿ ಏನು ಕೇಳಬೇಕು?

ಇಷ್ಟು ತಿಳಿದ ಮೇಲೆ ‘ಗಟ್ಟಿ ಫೋನ್ ಯಾವುದು?’ ಎಂಬ ಪ್ರಶ್ನೆಯನ್ನು ಹೀಗೆ ಬಿಡಿಸಿ ಕೇಳಬಹುದು:

1. ಬಳಕೆಯ ಉಷ್ಣತೆಯ ಮಿತಿ ಎಷ್ಟು? ಕೈಪಿಡಿಯಲ್ಲಿ ತೋರಿಸುವಿರಾ?
2. ಐಪಿಯ ಎರಡು ಅಂಕೆಗಳು ಬಿಡಿಬಿಡಿಯಾಗಿ ಏನು? 8 ಇದ್ದರೆ ಎಷ್ಟು ಆಳ, ಎಷ್ಟು ನಿಮಿಷ?
3. ‘ಸೈನಿಕ ದರ್ಜೆ’ ಎಂದಿದ್ದರೆ ಯಾವ ಯಾವ ಪರೀಕ್ಷೆ ಮಾಡಲಾಗಿದೆ?
4. ಬಿಸಿಲಿನಲ್ಲಿ ಪರದೆ ಓದಲು ಬರುತ್ತದೆಯೆ?
5. ಪರದೆ ಒಡೆದರೆ, ಬ್ಯಾಟರಿ ಸೋತರೆ ಬದಲಾಯಿಸಲು ಎಷ್ಟು ಖರ್ಚು? ಸೇವಾಕೇಂದ್ರ ನಮ್ಮ ಊರಿನಲ್ಲಿದೆಯೆ?
6. ತಂತ್ರಾಂಶದ ಹೊಸ ಆವೃತ್ತಿಗಳು ಎಷ್ಟು ವರ್ಷ ಬರುತ್ತವೆ? ದೇಹ ಗಟ್ಟಿಯಿದ್ದು ತಂತ್ರಾಂಶ ಹಳತಾದರೂ ಫೋನ್ ಮುದಿಯಾದಂತೆಯೇ.

ಹಣ ಕಡಿಮೆಯಿದ್ದರೆ ನಿಮ್ಮ ಊರನ್ನು ನೋಡಿ ಆರಿಸಿ. ಸಂಡೂರಿನವರು ಮೊದಲ ಅಂಕೆಗೆ, ಕಂಪ್ಲಿಯವರು ಎರಡನೆಯ ಅಂಕೆಗೆ ಮಹತ್ವ ಕೊಡಲಿ. ಹಂಪಿಯ ಬೆಟ್ಟ ಹತ್ತುವವರು ಒಳ್ಳೆಯ ಕವರ್‌ಗೆ, ಬಿಸಿಲಿನಲ್ಲಿ ಕಾಣುವ ಪರದೆಗೆ. ಮನೆಯಲ್ಲಿರುವ ಹಳೆಯ ಫೋನ್ ಚೆನ್ನಾಗಿ ನಡೆಯುತ್ತಿದ್ದರೆ ಹೊಸದನ್ನು ಕೊಳ್ಳಲೇಬೇಕೆಂದಿಲ್ಲ. ಕವರ್, ಗಾರ್ಡ್, ಜಲನಿರೋಧಕ ಚೀಲ, ಒಂದು ಬಿಳಿ ಹತ್ತಿಬಟ್ಟೆಯ ಚೀಲ ಇಷ್ಟನ್ನು ಕೊಂಡರೂ ಅದು ಬೇಸಿಗೆಗೆ ಸಿದ್ಧ.

ಬಿಳಿ ಬಟ್ಟೆ ಏಕೆಂದು ಅನುಮಾನವೆ? ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ ಸಮವಾಗಿ ನೀರು ತುಂಬಿ, ಒಂದಕ್ಕೆ ಕಪ್ಪು ಕಾಗದ, ಇನ್ನೊಂದಕ್ಕೆ ಬಿಳಿ ಕಾಗದ ಸುತ್ತಿ ಒಂದು ಗಂಟೆ ಬಿಸಿಲಿಗಿಡಿ. ಶಾಲೆಯ ಪ್ರಯೋಗಾಲಯದ ಉಷ್ಣತಾಮಾಪಕದಿಂದ ಅಳೆದು ನೋಡಿ. ಉತ್ತರ ನಿಮಗೇ ಸಿಗುತ್ತದೆ.

ಕೊನೆಯದಾಗಿ ಮತಂಗ ಬೆಟ್ಟದ ಬುಡದ ಆ ಹುಡುಗನ ಮಾತು. ಫೋನಿಗೆ ಉಷ್ಣತೆ ಅಳೆಯುವ ಅಂಗವಿದೆ, ಮಿತಿ ಮೀರಿದರೆ ಅದು ಸೂಚನೆ ಬರೆದು ತೋರಿಸಿ ನಿಂತುಬಿಡುತ್ತದೆ. ನಮ್ಮ ದೇಹವೂ ಸೂಚನೆ ಕೊಡುತ್ತದೆ: ಬಾಯಾರಿಕೆ, ತಲೆನೋವು, ತಲೆ ಸುತ್ತು, ವಾಕರಿಕೆ. ಆದರೆ ಉತ್ಸಾಹದಲ್ಲಿ ನಾವು ಅದನ್ನು ಓದುವುದಿಲ್ಲ. ಸುತ್ತಾಟವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಮತ್ತೆ ಸಂಜೆ ಹೊರಡಿ. ನೀರು ಹೆಚ್ಚಾಗಿ ಒಯ್ಯಿರಿ, ತಲೆಗೆ ಬಟ್ಟೆ ಕಟ್ಟಿ. ಗುಂಪಿನಲ್ಲಿ ಒಂದು ಫೋನನ್ನಾದರೂ ಚಿತ್ರ ತೆಗೆಯಲು ಬಳಸದೆ, ಪೂರ್ತಿ ಚಾರ್ಜ್ ಮಾಡಿ, ಚೀಲದ ತಂಪಿನಲ್ಲಿ ಕಾದಿರಿಸಿ. ಯಾರಾದರೂ ಕುಸಿದರೆ ನೆರಳಿಗೆ ಒಯ್ದು, ಮೈಗೆ ನೀರು ಚಿಮುಕಿಸಿ, ಗಾಳಿ ಬೀಸಿ, 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಆ ಒಂದು ಕರೆ ಹೋಗುವಂತಿದ್ದರೆ ಅದೇ ಗಟ್ಟಿ ಫೋನ್.

ಬಿಸಿಲಿಗೆ ನಿಮ್ಮ ಫೋನ್ ‘ಇನ್ನು ಸಾಕು’ ಎಂದು ಸೂಚನೆ ಕೊಟ್ಟಾಗ ಬೇಸರಪಡಬೇಡಿ. ಅದು ನಿಮಗೂ ಕೊಟ್ಟ ಸೂಚನೆಯೆಂದು ತಿಳಿದು ಹತ್ತಿರದ ಮಂಟಪದ ನೆರಳಿಗೆ ನಡೆಯಿರಿ.